ನೆಮೊ ಯಾವೂರಾಂವ?

ಹೋದ ಬ್ಯಾಸಗಿ ಸೂಟಿಯಲ್ಲಿ ಸವದತ್ತಿಯ ತಂಗಿಯ ಮನೆಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ತಂಗಿಯ ಮಗ ಬಂದು ಪಕ್ಕದಲ್ಲಿ ಕೂತ. ಆರನೇತ್ತೆ ಮುಗಿಸಿ ಏಳಕ್ಕೆ ಹೋಗುವ ಹುಡುಗ. ಹೇಳಿದ ಮಾತು ಒಂದೂ ಕೇಳೂದಿಲ್ಲ ಅಂತ ಮನೆಮಂದಿಯದೆಲ್ಲ ದೂರು. ಅವನ ಕೈಯಲ್ಲಿ ಹಿಂದಿನ ಸಲ ನಾನೇ ತಂದುಕೊಟ್ಟ ಪುಸ್ತಕ ಇತ್ತು. ಜೂಲ್ಸ್ ವರ್ನ್ ಬರೆದ ಸಮುದ್ರದಡಿಯ ಕಾದಂಬರಿ, ಮಕ್ಕಳಿಗಾಗಿ ಸಣ್ಣದು ಮಾಡಿದ್ದು.

"ಮಾಮಾ, ಈ ನೆಮೊ ಛೊಲೊ ಮನಷ್ಯಾನೋ, ಕೆಟ್ಟಾಂವನೋ?"

"ನಿನಗೇನು ಅನಸ್ತೈತಿ?"

"ಛೊಲೊ ಇದ್ರ ಮಂದಿ ಇದ್ದ ಹಡಗ ಯಾಕ ಮುಳಗಸ್ತಾನ? ಕೆಟ್ಟಾಂವ ಇದ್ರ ತನ್ನ ಆಳು ಸತ್ತಾಗ ಅಷ್ಟ್ಯಾಕ ಅಳ್ತಾನ? ಪುಸ್ತಕದಾಗ ಹೇಳೇ ಇಲ್ಲ."

ನಿದ್ದೆಗಣ್ಣಿನಲ್ಲಿ ಏನೋ ಒಂದು ಹೇಳಿ ಸಾಗಹಾಕಿದೆ. ಆದರೆ ಹುಡುಗ ಕೇಳಿದ್ದು ಬರೋಬ್ಬರಿ ಇತ್ತು. ಅವನ ಪುಸ್ತಕದಲ್ಲಿ ಅದನ್ನು ಹೇಳಿಲ್ಲ. ನಾನು ಸಣ್ಣಾವಿದ್ದಾಗ ಓದಿದ ಪುಸ್ತಕದಲ್ಲೂ ಹೇಳಿರಲಿಲ್ಲ. ಯಾಕೆ ಹೇಳಿಲ್ಲ ಅನ್ನುವುದಕ್ಕೆ ಒಂದು ದೊಡ್ಡ ಕಥೆಯೇ ಇದೆ, ಮತ್ತು ಆ ಕಥೆ ನಮ್ಮ ಕಿತ್ತೂರು, ಸುರೇಬಾನಗಳ ಸಮೀಪವೇ ಹಾದು ಹೋಗುತ್ತದೆ.

ನಾನು ಇದನ್ನು ಮೊದಲು ಓದಿದ್ದು ಬೈಲಹೊಂಗಲದಲ್ಲಿ ಹೈಸ್ಕೂಲಿಗೆ ಹೋಗುವಾಗ. ಯಾರದೋ ಮನೆಯ ಅಟ್ಟದಿಂದ ಬಂದ ಪ್ರತಿ. ರಟ್ಟು ಕಿತ್ತು ಹೋಗಿತ್ತು, ಮೊದಲಿನ ಹಾಳೆಗಳು ಇರಲಿಲ್ಲ. ಬರೆದವರು ಯಾರು, ಕನ್ನಡಕ್ಕೆ ತಂದವರು ಯಾರು ಒಂದೂ ಗೊತ್ತಾಗಲಿಲ್ಲ. ನಮ್ಮದು ಎರಿ ಭೂಮಿ. ಹತ್ತಿ, ಜೋಳ, ಕಡಲಿ ಬೆಳೆಯುವ ನಾಡು. ಕಡಲಿ ಗೊತ್ತಿತ್ತು, ಕಡಲು ಗೊತ್ತಿರಲಿಲ್ಲ. ಕಣ್ಣು ಮುಟ್ಟುವಷ್ಟು ನೀರು ಅಂದರೆ ಸವದತ್ತಿಯ ರೇಣುಕಾ ಸಾಗರ, ಅಂದರೆ ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ನಮ್ಮ ಅಜ್ಜಿಯ ತವರುಮನೆಯ ಹೊಲ ಆ ನೀರಿನ ಅಡಿಗೆ ಹೋಗಿದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೈ ಮಾಡಿ, "ಅಕಾ, ಅಲ್ಲಿ ನಮ್ಮ ಬಾವಿ ಇತ್ತು, ಅದರ ಬಾಜೂಕ ಬನ್ನಿ ಗಿಡ" ಅನ್ನುತ್ತಿದ್ದಳು. ನಮಗೆ ಬರೀ ನೀರು ಕಾಣುತ್ತಿತ್ತು. ಅವಳಿಗೆ ಬಾವಿ ಕಾಣುತ್ತಿತ್ತು.

ಹೀಗಾಗಿ ಕಾದಂಬರಿಯಲ್ಲಿ ಕ್ಯಾಪ್ಟನ್ ನೆಮೊ ಪ್ರೊಫೆಸರ್ ಅರೊನಾಕ್ಸನನ್ನು ರಾತ್ರಿ ಹೊತ್ತಿನಲ್ಲಿ ಸಮುದ್ರದ ತಳಕ್ಕೆ ಕರೆದುಕೊಂಡು ಹೋಗಿ, ಮುಳುಗಿದ ಊರಿನ ಕಂಬ, ಗೋಡೆ, ಬಿದ್ದ ಗುಡಿಗಳನ್ನು ತೋರಿಸುವ ಭಾಗ ಬಂದಾಗ ನನಗೆ ಅದು ದೂರದ ಕಥೆ ಅನ್ನಿಸಲೇ ಇಲ್ಲ. ನೀರಿನೊಳಗೆ ಮಾತಾಡಲು ಬರುವುದಿಲ್ಲ. ನೆಮೊ ಒಂದು ಸುಣ್ಣದ ಕಲ್ಲಿನ ಚೂರು ಎತ್ತಿಕೊಂಡು ಕರಿ ಬಂಡೆಯ ಮೇಲೆ ಅಟ್ಲಾಂಟಿಸ್ ಎಂದು ಬರೆಯುತ್ತಾನೆ, ಪಾಟಿಯ ಮೇಲೆ ಬಳಪದಿಂದ ಬರೆದಂತೆ. ನಾನು ಅಜ್ಜಿಗೆ ಅದನ್ನು ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಅವಂಗೂ ಹೊಲ ಹೋಗಿತ್ತೇನು?"

ಅಜ್ಜಿಯ ಪ್ರಶ್ನೆಗೂ ಹುಡುಗನ ಪ್ರಶ್ನೆಗೂ ಉತ್ತರ ಒಂದೇ. ಅಲ್ಲಿಗೆ ಹೋಗುವ ಮೊದಲು ಪುಸ್ತಕದ ಹೆಸರಿನ ಬಗ್ಗೆ ಒಂದು ಮಾತು.

ಇಪ್ಪತ್ತು ಸಾವಿರ ಲೀಗ್ ಅಂದಕೂಡಲೇ ಅಷ್ಟು ಆಳಕ್ಕೆ ಇಳಿದರು ಅಂತ ಬಹಳ ಮಂದಿ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ವರ್ನ್ ಲೆಕ್ಕದ ಒಂದು ಲೀಗ್ ನಾಲ್ಕು ಕಿಲೋಮೀಟರು. ಇಪ್ಪತ್ತು ಸಾವಿರ ಅಂದರೆ 80,000 ಕಿಲೋಮೀಟರು, ಭೂಮಿಯನ್ನು ಎರಡು ಸಲ ಸುತ್ತಿದಷ್ಟು. ಸಮುದ್ರದ ಅತ್ಯಂತ ಆಳದ ಜಾಗವೂ ಸುಮಾರು 11 ಕಿಲೋಮೀಟರು ಮಾತ್ರ. ಅದು ನಾಟಿಲಸ್ ಎಂಬ ಹಡಗು ನೀರಿನಡಿ ಕ್ರಮಿಸಿದ ದೂರ. ನಮ್ಮ ಕಡೆ ಹಿರಿಯರು ದಾರಿ ಅಳೆಯಲು ಹರದಾರಿ ಅನ್ನುತ್ತಿದ್ದರು, ಸುಮಾರು ಮೂರು ಮೈಲಿ. ಲೀಗಿಗೆ ಇದಕ್ಕಿಂತ ಹತ್ತಿರದ ಮಾತು ಇನ್ನೊಂದಿಲ್ಲ. ಇಪ್ಪತ್ತು ಸಾವಿರ ಹರದಾರಿ ಅಂದಿದ್ದರೆ ಯಾವ ಹುಡುಗನೂ ಅದನ್ನು ಆಳ ಅಂತ ತಿಳಿಯುತ್ತಿರಲಿಲ್ಲ. ಹರದಾರಿಯನ್ನು ಯಾರಾದರೂ ಕೆಳಮುಖವಾಗಿ ಅಳೆಯುತ್ತಾರೇನು?

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಸಮುದ್ರದಲ್ಲಿ ಏನೋ ಒಂದು ರಾಕ್ಷಸ ಪ್ರಾಣಿ ಹಡಗುಗಳಿಗೆ ಹಾಯುತ್ತಿದೆ ಅಂತ ಸುದ್ದಿ. ಅದನ್ನು ಹಿಡಿಯಲು ಹೋದವರಲ್ಲಿ ಮೂವರು ನೀರಿಗೆ ಬಿದ್ದು ಅದರ ಬೆನ್ನಿನ ಮೇಲೇ ಹತ್ತುತ್ತಾರೆ. ಬೆನ್ನು ಉಕ್ಕಿನದು! ಅದು ವಿದ್ಯುತ್ತಿನಿಂದ ಓಡುವ ಹಡಗು. ಯಜಮಾನ ನೆಮೊ. ಒಳಗೆ ಬಂದವರನ್ನು ಅವನು ಹೊರಗೆ ಬಿಡುವುದಿಲ್ಲ. ಪ್ರೊಫೆಸರಿಗೆ ಹನ್ನೆರಡು ಸಾವಿರ ಪುಸ್ತಕದ ಲೈಬ್ರರಿ ಸಿಕ್ಕಿತು, ಆರಾಮಾದ. ಅವನ ಆಳು ಕೊನ್ಸೆ ಮೀನುಗಳ ಜಾತಿ, ಕುಲ, ಗೋತ್ರ ಹೇಳುತ್ತ ಆರಾಮಾದ. ಮೂರನೆಯವ ಮಾತ್ರ ಒಂದು ದಿನವೂ ಸುಮ್ಮನೆ ಕೂಡಲಿಲ್ಲ. ಕೆನಡಾದ ನೆಡ್ ಲ್ಯಾಂಡ್, ತಿಮಿಂಗಿಲಕ್ಕೆ ಈಟಿ ಎಸೆಯುವವ. ಮೊದಲ ದಿನದಿಂದ ಕೊನೆಯ ದಿನದವರೆಗೆ ಅವನದು ಒಂದೇ ಮಾತು, ಇಲ್ಲಿಂದ ಹೋಗಬೇಕು.

ಸಣ್ಣಾವಿದ್ದಾಗ ನನ್ನ ಹೀರೊ ಈ ನೆಡ್ ಲ್ಯಾಂಡ್. ಅವನಿಗೆ ಹಸಿವು ಜಾಸ್ತಿ, ಸಿಟ್ಟು ಜಾಸ್ತಿ, ದೊಡ್ಡವರ ಮಾತಿನಲ್ಲಿ ನಂಬಿಕೆ ಕಡಿಮೆ. ನನ್ನ ವಯಸ್ಸಿನ ಹುಡುಗನಿಗೆ ಇನ್ನೇನು ಬೇಕು? ದೊಡ್ಡವನಾದ ಮೇಲೆ ಇಡೀ ಕಾದಂಬರಿಯನ್ನು ಹೊಸ ಇಂಗ್ಲಿಷ್ ಅನುವಾದದಲ್ಲಿ ಓದಿದಾಗ ಗೊತ್ತಾಯಿತು, ಹಡಗಿನಲ್ಲಿ ಅವನಿಗಿಂತ ದೊಡ್ಡ ಬಂಡಾಯಗಾರ ಒಬ್ಬನಿದ್ದ. ಅವನು ಆ ಹಡಗಿನ ಯಜಮಾನನೇ.

ನನ್ನ ಸಣ್ಣ ಪುಸ್ತಕದಲ್ಲಿ ಇರದ, ದೊಡ್ಡ ಪುಸ್ತಕದಲ್ಲಿ ಇರುವ ಸಂಗತಿಗಳನ್ನು ಹೇಳುತ್ತೇನೆ. ಸಿಂಹಳದ ಹತ್ತಿರ ಮುತ್ತು ತೆಗೆಯಲು ಮುಳುಗಿದ ಒಬ್ಬ ಬಡ ಭಾರತೀಯನ ಮೇಲೆ ಶಾರ್ಕ್ ಬರುತ್ತದೆ. ನೆಮೊ ಚಾಕು ಹಿಡಿದು ಶಾರ್ಕಿಗೆ ಎದುರಾಗುತ್ತಾನೆ, ಆ ಬಡವನನ್ನು ಉಳಿಸಿ ಕೈಯಲ್ಲಿ ಒಂದು ಚೀಲ ಮುತ್ತು ಇಡುತ್ತಾನೆ. ಯಾಕೆ ಅಂತ ಪ್ರೊಫೆಸರ್ ಕೇಳಿದಾಗ, ಅವನು ತುಳಿಸಿಕೊಂಡವರ ನಾಡಿನವ, ಕೊನೆಯ ಉಸಿರಿನವರೆಗೆ ನಾನೂ ಆ ನಾಡಿನವನೇ ಎನ್ನುವ ಅರ್ಥದ ಮಾತು ಹೇಳುತ್ತಾನೆ. ಕ್ರೀಟ್ ದ್ವೀಪದವರು ತುರ್ಕರ ವಿರುದ್ಧ ಎದ್ದಾಗ ಪೆಟ್ಟಿಗೆ ತುಂಬ ಬಂಗಾರ ಕಳಿಸುತ್ತಾನೆ. ಅವನ ಕೋಣೆಯ ಗೋಡೆಯ ಮೇಲೆ ಪೋಲೆಂಡಿನ ಕೊಸ್ಚುಷ್ಕೊ, ಐರ್ಲೆಂಡಿನ ಓಕಾನೆಲ್, ಅಮೆರಿಕದ ಲಿಂಕನ್, ಗುಲಾಮರಿಗಾಗಿ ಗಲ್ಲಿಗೇರಿದ ಜಾನ್ ಬ್ರೌನ್ ಇವರ ಚಿತ್ರಗಳಿವೆ. ಇನ್ನೊಂದು ಚಿತ್ರ ಒಬ್ಬ ಹೆಣ್ಣುಮಗಳದು, ಜೊತೆಗೆ ಎರಡು ಮಕ್ಕಳು. ಯುದ್ಧದ ಹಡಗನ್ನು ಮುಳುಗಿಸಿ ಬಂದ ಮೇಲೆ ಆ ಚಿತ್ರದ ಮುಂದೆ ಮೊಣಕಾಲೂರಿ ಬಿಕ್ಕುತ್ತಾನೆ.

ಇಷ್ಟನ್ನು ತೆಗೆದುಹಾಕಿದರೆ ಉಳಿಯುವುದೇನು? ಮೀನು, ಹವಳ, ಎಂಟು ಕೈಯಿನ ಭೂತ. ನೆಮೊ ಒಬ್ಬ ತಲೆಕೆಟ್ಟ ಸಾಹುಕಾರ ಆಗಿಬಿಡುತ್ತಾನೆ. ನಮ್ಮ ಹುಡುಗನಿಗೆ ಆದ ಗೊಂದಲ ಇದೇ. ಅವನು ಓದಿದ್ದರಲ್ಲಿ ಸಿಟ್ಟು ಇತ್ತು, ಸಿಟ್ಟಿಗೆ ಕಾರಣ ಇರಲಿಲ್ಲ.

ಹಾಗಾದರೆ ನೆಮೊ ಯಾವೂರಾಂವ? ಲ್ಯಾಟಿನ್‌ನಲ್ಲಿ ನೆಮೊ ಅಂದರೆ ಯಾರೂ ಅಲ್ಲ ಎಂದರ್ಥ. ವರ್ನ್ ಮೊದಲು ಅವನನ್ನು ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. 1863ರಲ್ಲಿ ಪೋಲೆಂಡಿನ ಜನ ರಷ್ಯಾದ ಝಾರ್ ಮೇಲೆ ಎದ್ದಿದ್ದರು, ಆ ದಂಗೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡವ ನೆಮೊ ಎಂದು ಅವನ ಯೋಚನೆ. ಪ್ರಕಾಶಕ ಹೆಟ್ಸೆಲ್ ಒಪ್ಪಲಿಲ್ಲ. ರಷ್ಯಾದಲ್ಲಿ ವರ್ನ್ ಪುಸ್ತಕಗಳು ಛೊಲೊ ಮಾರಾಟ ಆಗುತ್ತಿದ್ದವು. ಹೀಗಾಗಿ 1869-70ರಲ್ಲಿ ಹೆಟ್ಸೆಲ್‌ನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯಲ್ಲಿ ನೆಮೊನ ಊರು, ಕುಲ ಯಾವುದೂ ಬರಲಿಲ್ಲ. ಯಾರ ಹಡಗು ಮುಳುಗಿತು, ಅದಕ್ಕೂ ಬಾವುಟ ಇಲ್ಲ.

ಐದು ವರ್ಷದ ಮೇಲೆ, 1874-75ರಲ್ಲಿ ಬಂದ 'ನಿಗೂಢ ದ್ವೀಪ' ಕಾದಂಬರಿಯ ಕೊನೆಗೆ ಸಾಯುತ್ತಿರುವ ನೆಮೊ ಬಾಯಿ ಬಿಡುತ್ತಾನೆ. ಅವನ ಹೆಸರು ರಾಜಕುಮಾರ ಡಕ್ಕರ್. ಬುಂದೇಲಖಂಡದ ರಾಜನ ಮಗ. ಹತ್ತು ವರ್ಷದವನಿದ್ದಾಗ ತಂದೆ ಅವನನ್ನು ಯುರೋಪಿಗೆ ಕಳಿಸಿದ. ಕಲಿತು, ತಿರುಗಾಡಿ 1849ರಲ್ಲಿ ಮರಳಿ ಬಂದ, ಮದುವೆಯಾದ, ಎರಡು ಮಕ್ಕಳಾದವು. 1857ರ ದಂಗೆಯಲ್ಲಿ ಮುಂದೆ ನಿಂತು ಕಾದಿದ, ಹತ್ತು ಗಾಯ ಆದವು. ಸೋತ ಮೇಲೆ ಅವನ ತಲೆಗೆ ಬಹುಮಾನ ಇಟ್ಟರು, ಮನೆಮಂದಿಯನ್ನು ಕೊಂದರು. ಉಳಿದ ಇಪ್ಪತ್ತು ನಂಬಿಗಸ್ತರನ್ನು ಕರೆದುಕೊಂಡು ಸಮುದ್ರಕ್ಕೆ ಹೋದ. ನಮಗೆ ಇನ್ನೂ ಕಿವಿ ನಿಮಿರುವ ಒಂದು ಮಾತು ಅಲ್ಲಿದೆ. ಈ ಡಕ್ಕರ್ ಟಿಪ್ಪು ಸಾಹೇಬನ ಸೋದರ ಸಂಬಂಧದ ಮಗನಂತೆ!

ಇದನ್ನು ಮೊದಲು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. 1849ಕ್ಕೆ ಮೂವತ್ತು ವರ್ಷದವನಾದ ಡಕ್ಕರ್ ಹುಟ್ಟಿದ್ದು 1819ರ ಸುಮಾರಿಗೆ. ಬುಂದೇಲಖಂಡದ ರಾಜನ ಮನೆಗೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ಬೀಗತನ? ಅದೇ ಪುಸ್ತಕದಲ್ಲಿ 1868ರಲ್ಲಿ ಸಾಯುವಾಗ ಅವನಿಗೆ ಅರವತ್ತು ಅಂತಲೂ ಬರೆದಿದೆ, ಲೆಕ್ಕಕ್ಕೆ ಐವತ್ತೂ ದಾಟುವುದಿಲ್ಲ. ಎರಡು ಕಾದಂಬರಿಗಳ ಇಸವಿಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಫ್ರಾನ್ಸಿನವರಿಗೆ ಗೊತ್ತಿದ್ದ ಹೆಸರು ಟಿಪ್ಪು, ಇಂಗ್ರೇಜರ ವೈರಿ ಬೇಕಾದಾಗ ವರ್ನ್ ಆ ಹೆಸರನ್ನು ಎತ್ತಿಕೊಂಡ, ಅಷ್ಟೇ. ಭಾರತ ಅವನಿಗೆ ನಕಾಶೆಯ ಮೇಲಿನ ನಾಡು.

ಆದರೂ ಈ ತಪ್ಪು ಲೆಕ್ಕದ ಡಕ್ಕರ್ ನನಗೆ ಹತ್ತಿರದವನು. ಕಾರಣ ಹೇಳುತ್ತೇನೆ. ವರ್ನ್ ನಾಂತ್ ಎಂಬ ಬಂದರಿನ ಊರಲ್ಲಿ ಹುಟ್ಟಿದ್ದು 1828ರಲ್ಲಿ. ಆಗ ಕಿತ್ತೂರ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದಳು. ಮಾರನೆಯ ವರ್ಷ ಅಲ್ಲಿಯೇ ತೀರಿಕೊಂಡಳು, ಸಮಾಧಿ ಇವತ್ತೂ ಊರೊಳಗಿದೆ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ 1831ರ ಜನವರಿಯಲ್ಲಿ ವರ್ನ್ ಇನ್ನೂ ಮೂರು ತುಂಬದ ಕೂಸು. ಡಕ್ಕರ್ ಕಾದಿದ ದಂಗೆಯ ಕಾಲಕ್ಕೇ, 1858ರ ಮೇ ತಿಂಗಳ ಕೊನೆಗೆ, ನರಗುಂದದ ಬಾಬಾಸಾಹೇಬನ ಮಂದಿ ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ರಾತ್ರೋರಾತ್ರಿ ಕೊಂದರು. ಸುರೇಬಾನ ಈಗ ರಾಮದುರ್ಗ ತಾಲೂಕಿನಲ್ಲಿದೆ. ರಾಮದುರ್ಗದ ಸಂಸ್ಥಾನಿಕ ಬಾಬಾಸಾಹೇಬನಿಗೆ ಅಣ್ಣತಮ್ಮನ ಸಂಬಂಧದವನು, ಆದರೆ ಕಂಪನಿಯ ಕಡೆಗೇ ಉಳಿದ. ಜೂನ್‌ನಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಕಿತ್ತೂರಲ್ಲೂ ನರಗುಂದದಲ್ಲೂ ಸಿಟ್ಟಿನ ಬೇರು ಒಂದೇ, ದತ್ತಕ ಒಪ್ಪುವುದಿಲ್ಲ ಅಂದದ್ದು. ಇವರಲ್ಲಿ ಯಾರಾದರೊಬ್ಬ ತಪ್ಪಿಸಿಕೊಂಡು, ಕೈಯಲ್ಲಿ ವಿದ್ಯೆ, ಬಂಗಾರ ಎರಡೂ ಇದ್ದು, ನೆಲದ ಮೇಲೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ್ದರೆ ಏನಾಗುತ್ತಿದ್ದ? ನೆಮೊ ಆಗುತ್ತಿದ್ದ. ನಮ್ಮ ಅಜ್ಜಿ ಕೇಳಿದ್ದು ತಪ್ಪಲ್ಲ. ಅವನಿಗೂ ಹೊಲ ಹೋಗಿತ್ತು, ಊರು ಹೋಗಿತ್ತು, ಮನೆಮಂದಿ ಹೋಗಿದ್ದರು.

ಇಷ್ಟೆಲ್ಲ ಇದ್ದದ್ದು ನಮಗ್ಯಾಕೆ ಮುಟ್ಟಲಿಲ್ಲ? ವರ್ನ್ ನಮ್ಮ ಮಕ್ಕಳಿಗೆ ಬಂದದ್ದು ಹೆಚ್ಚಾಗಿ ಇಂಗ್ಲಿಷಿನ ದಾರಿಯಿಂದ. ಆ ದಾರಿಯಲ್ಲಿ ಸುಂಕದ ಕಟ್ಟೆಗಳಿದ್ದವು. ಸಮುದ್ರದಡಿಯ ಕಾದಂಬರಿಯ ಮೊದಲ ಇಂಗ್ಲಿಷ್ ಅನುವಾದ ಮಾಡಿದವರು ಲೂಯಿಸ್ ಮರ್ಸಿಯರ್ ಎಂಬ ಪಾದ್ರಿ, 1872ರ ಸುಮಾರಿಗೆ. ಪುಸ್ತಕದ ಐದನೆಯ ಒಂದು ಪಾಲಿನಷ್ಟನ್ನು ಅವರು ಬಿಟ್ಟೇಬಿಟ್ಟರು. ನೆಬ್ರಾಸ್ಕಾದ ಬ್ಯಾಡ್‌ಲ್ಯಾಂಡ್ಸ್ ಎಂಬ ಬರಡು ನಾಡಿನ ಹೆಸರು ಅವರ ಕೈಯಲ್ಲಿ 'ಮನಸ್ಸಿಗೆ ಹಿಡಿಸದ ಪ್ರದೇಶ' ಆಯಿತು. ನಗು ಬರುತ್ತದೆ, ಇರಲಿ. ಆದರೆ 'ನಿಗೂಢ ದ್ವೀಪ'ಕ್ಕೆ ಆದದ್ದು ನಗುವ ಮಾತಲ್ಲ. 1875ರ ಅದರ ಇಂಗ್ಲಿಷ್ ಪುಸ್ತಕ ಬಂದದ್ದು ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್ ಹೆಸರಲ್ಲಿ, ಅನುವಾದ ಮಾಡಿದವರು ಅವರ ಹೆಂಡತಿ ಆಗ್ನೆಸ್. ಅದರಲ್ಲಿ ಡಕ್ಕರನ ಕಥೆಯ ಬೆನ್ನೆಲುಬನ್ನೇ ತಿರುಚಿದರು. ವರ್ನ್ ಬರೆದದ್ದರಲ್ಲಿ ಬಲದ ಮುಂದೆ ನ್ಯಾಯ ಸೋತಿತು ಎಂಬ ಸಂಕಟ ಇದೆ. ಇಂಗ್ಲಿಷಿನಲ್ಲಿ ಅದು ಹೋಗಿ, ಇಂಗ್ರೇಜರು ಬಂದು ಗದ್ದಲದ ನಾಡಿಗೆ ನೆಮ್ಮದಿ ತಂದಿದ್ದರು, ಆಸೆಬುರುಕ ರಾಜರು ಜನರ ತಲೆ ಕೆಡಿಸಿದರು ಎಂಬ ಅರ್ಥ ಬಂದು ಕೂತಿತು. ಮುಂದೆ ಎಷ್ಟೋ ಕಾಲ ಇಂಗ್ಲಿಷ್ ಓದುಗರ ಕೈಗೆ ಬಂದದ್ದು ಇವೇ ಪುಸ್ತಕಗಳು. ಇಂಥ ಇಂಗ್ಲಿಷನ್ನು ಮತ್ತೆ ಮಕ್ಕಳಿಗಾಗಿ ಕೊಯ್ದು, ಕೊಯ್ದದ್ದನ್ನು ಕನ್ನಡ ಮಾಡಿದರೆ ಬೈಲಹೊಂಗಲದ ಹುಡುಗನಿಗೆ ಸಿಗುವುದು ಎಷ್ಟು? ಅವನದೇ ನಾಡಿನ ದಂಗೆಗಾರ ಅವನ ಕೈಗೆ ಬರುವ ಹೊತ್ತಿಗೆ ಬಾಯಿಲ್ಲದವನಾಗಿದ್ದ.

ಇಲ್ಲಿಗೆ ನಿಲ್ಲಿಸಿದರೆ ನೆಮೊನಿಗೆ ಹಾರ ಹಾಕಿ ಕಿತ್ತೂರ ಉತ್ಸವದ ಮೆರವಣಿಗೆಯಲ್ಲಿ ಕೂರಿಸಿದಂತಾದೀತು. ಅದೂ ಸರಿಯಲ್ಲ. ನಾವು ರಾಯಣ್ಣನ ಲಾವಣಿ ಕೇಳುತ್ತ ಬೆಳೆದವರು. ಲಾವಣಿಯಲ್ಲಿ ಕಚೇರಿ ಸುಟ್ಟ, ಖಜಾನೆ ಲೂಟಿ ಮಾಡಿದ ಅಂದಾಗ ನಾವೆಲ್ಲ ಹೋ ಅನ್ನುತ್ತೇವೆ. ಅನ್ನಬೇಕು ಕೂಡ. ಅಲ್ಲಿ ಪಕ್ಕದಲ್ಲಿ ನಿಂತು "ಇದು ಸರಿಯೇನಪಾ?" ಅಂತ ಕೇಳುವವರು ಯಾರೂ ಇಲ್ಲ, ಹಾಡಿಗೆ ಅದು ಬೇಕಾಗಿಯೂ ಇಲ್ಲ. ವರ್ನ್ ಕಾದಂಬರಿಯಲ್ಲಿ ಅಂಥ ಒಬ್ಬನಿದ್ದಾನೆ. ನೆಮೊನನ್ನು ಕಂಡರೆ ಭಕ್ತಿ ಇರುವ ಅದೇ ಪ್ರೊಫೆಸರ್. ಯುದ್ಧದ ಹಡಗು ಮುಳುಗುವಾಗ ಕಿಟಕಿಯ ಗಾಜಿನಿಂದ ಅವನು ನೋಡುತ್ತಾನೆ. ಹಡಗಿನ ಮಂದಿ ಹಗ್ಗಕ್ಕೆ, ಕಂಬಕ್ಕೆ ಜೋತುಬಿದ್ದು ಹೇಗೆ ಸತ್ತರು ಅನ್ನುವುದನ್ನು ವರ್ನ್ ಒಂದೂ ಬಿಡದೆ ಬರೆದಿದ್ದಾನೆ. ಅಲ್ಲಿಯವರೆಗೆ ಊಟದ ಸಲುವಾಗಿ, ನೆಲದ ಸಲುವಾಗಿ ನೆಡ್ ಲ್ಯಾಂಡ್ ಓಡಿಹೋಗೋಣ ಅನ್ನುತ್ತಿದ್ದ. ಆ ರಾತ್ರಿಯ ನಂತರ ಪ್ರೊಫೆಸರಿಗೂ ಅಲ್ಲಿ ಇರಲಾಗುವುದಿಲ್ಲ. ಅನ್ಯಾಯ ಆದವನು ಮಾಡಿದ್ದೆಲ್ಲ ನ್ಯಾಯವೇ ಎಂಬ ಪ್ರಶ್ನೆಯನ್ನು ಒಂದು ಮಕ್ಕಳ ಪತ್ರಿಕೆಯಲ್ಲಿ, ಮಕ್ಕಳ ಮುಂದೆ, ಉತ್ತರ ಕೊಡದೆ ಬಿಟ್ಟದ್ದು ಈ ಪುಸ್ತಕದ ದೊಡ್ಡತನ.

ಎರಡನೆಯ ಕಾದಂಬರಿಯಲ್ಲಿ ವರ್ನ್ ಉತ್ತರ ಕೊಡಲು ಹೋಗಿ ಕೆಡಿಸಿದ. ಸಾಯುವ ಡಕ್ಕರನಿಗೆ ಅಮೆರಿಕದ ಇಂಜಿನಿಯರ್ ಸೈರಸ್ ಸ್ಮಿತ್ ಹೇಳುವ ತೀರ್ಪು ಏನೆಂದರೆ, ಹೋದ ಕಾಲವನ್ನು ಮರಳಿ ತರಬಹುದು ಅಂದುಕೊಂಡದ್ದು ನಿನ್ನ ತಪ್ಪು, ನೀನು ಪ್ರಗತಿಯ ವಿರುದ್ಧ ಹೋದೆ. ಕಿತ್ತೂರ ಕೋಟೆಯ ಬಿದ್ದ ಗೋಡೆಗಳ ನಡುವೆ ತಿರುಗಾಡಿದವನಿಗೆ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ನಾಟಿಲಸ್ ಕಟ್ಟಿದವನಿಗೆ ಪ್ರಗತಿಯ ಪಾಠ ಹೇಳುವುದೇ? ಆ ಕಾಲದಲ್ಲಿ ಜಗತ್ತಿನಲ್ಲಿ ಯಾರ ಹತ್ತಿರವೂ ಇರದ ಹಡಗು ಅವನ ಹತ್ತಿರ ಇತ್ತಲ್ಲ!

ಇನ್ನೂ ಕೆಲವು ತಕರಾರುಗಳಿವೆ. ತುಳಿಸಿಕೊಂಡವರ ಗೆಳೆಯ ನೆಮೊ ಸರಿ, ಆದರೆ ಟೊರೆಸ್ ಜಲಸಂಧಿಯ ಪಾಪುವಾ ಜನ ಬಂದಾಗ ಕಾದಂಬರಿ ಅವರನ್ನು ನೋಡುವ ಕಣ್ಣು ಸಾಹೇಬರ ಕಣ್ಣೇ. ಕಾಡುಮನುಷ್ಯರು ಎಲ್ಲಿಲ್ಲ ಎಂದು ನೆಮೊ ಒಂದು ಚುಚ್ಚು ಮಾತು ಆಡುತ್ತಾನೆ, ಆದರೆ ಮುಂದೆ ಅವರನ್ನು ಕರೆಂಟು ಹೊಡೆಸಿ ಓಡಿಸುವುದು ನಗೆಯ ಪ್ರಸಂಗ ಆಗುತ್ತದೆ. ಸುಮ್ಮನೆ ತಿಮಿಂಗಿಲ ಕೊಲ್ಲಬೇಡ ಎಂದು ನೆಡ್‌ಗೆ ಬುದ್ಧಿ ಹೇಳಿದವ, ಅದೇ ಅಧ್ಯಾಯದಲ್ಲಿ ಇನ್ನೊಂದು ಜಾತಿಯ ತಿಮಿಂಗಿಲಗಳ ಹಿಂಡನ್ನೇ ಸೀಳಿಹಾಕುತ್ತಾನೆ, ಅವು ಕೆಟ್ಟ ಪ್ರಾಣಿ ಅಂತ. ತಂಗಿಯ ಸಣ್ಣ ಮಗಳು ಅಣ್ಣನ ಪುಸ್ತಕದ ಚಿತ್ರಗಳನ್ನೆಲ್ಲ ತಿರುವಿಹಾಕಿ, "ಇದರಾಗ ಒಬ್ಬಾಕಿನೂ ಹುಡಿಗಿ ಇಲ್ಲೇನು ಮಾಮಾ?" ಅಂದಳು. ಇಲ್ಲ. ಗೋಡೆಯ ಮೇಲಿನ ಆ ಒಂದು ಚಿತ್ರ ಬಿಟ್ಟರೆ ಇಡೀ ಸಮುದ್ರದಲ್ಲಿ ಹೆಣ್ಣುಮಕ್ಕಳೇ ಇಲ್ಲ. ಚೆನ್ನಮ್ಮನ ಊರಿನ ಹುಡುಗಿಗೆ ಇದು ಮೊದಲು ಕಾಣುವುದು ಸಹಜ.

ಈ ತಕರಾರುಗಳನ್ನು ಕೂಡ ಮಕ್ಕಳ ಮುಂದೆ ಇಡಬೇಕು ಅನ್ನುವುದು ನನ್ನ ವಾದ. ಅದಕ್ಕೆ ಪುಸ್ತಕ ಪೂರ್ತಿ ಇರಬೇಕು. ಮೀನಿನ ಹೆಸರಿನ ಪಟ್ಟಿ ಇಪ್ಪತ್ತು ಪುಟ ಇದ್ದಲ್ಲಿ ಎರಡು ಮಾಡಿ, ಕೊನ್ಸೆಯ ವಂಶಾವಳಿಗಳಿಗೆ ಕತ್ತರಿ ಹಾಕಿ, ಯಾರೂ ಅಳುವುದಿಲ್ಲ. ಮುತ್ತು ತೆಗೆಯುವವನನ್ನು ಬಿಡಬೇಡಿ, ಗೋಡೆಯ ಚಿತ್ರಗಳನ್ನು ಬಿಡಬೇಡಿ, ಮುಳುಗುವ ಹಡಗಿನ ಮಂದಿಯನ್ನು ಬಿಡಬೇಡಿ. ಫ್ರೆಂಚ್ ಬಲ್ಲ ಕನ್ನಡಿಗರು ಈಗ ಕಡಿಮೆ ಇಲ್ಲ. ಅವರಲ್ಲಿ ಯಾರಾದರೂ ಎರಡೂ ಕಾದಂಬರಿಗಳನ್ನು ನೇರವಾಗಿ, ನಮ್ಮ ಹರದಾರಿಯ ಕನ್ನಡದಲ್ಲಿ ತಂದರೆ ಮೊದಲ ಗಿರಾಕಿ ನಾನು.

ಅವತ್ತು ಸಂಜೆ ಬಿಸಿಲು ಇಳಿದ ಮೇಲೆ ಹುಡುಗನನ್ನು ಕರೆದುಕೊಂಡು ಹಿನ್ನೀರಿನ ಕಡೆ ಹೋದೆ. ಬ್ಯಾಸಗಿಯಾದ್ದರಿಂದ ನೀರು ಬಹಳ ಹಿಂದಕ್ಕೆ ಸರಿದಿತ್ತು. ಒಡೆದ ಕರಿಮಣ್ಣಿನ ಮೇಲೆ ದನ ಮೇಯುತ್ತಿದ್ದವು. ಅಜ್ಜಿ ಕೈ ಮಾಡುತ್ತಿದ್ದ ದಿಕ್ಕಿಗೆ ಕೈ ಮಾಡಿ ಬಾವಿಯ ಕಥೆ ಹೇಳಿದೆ, ಆಮೇಲೆ ಡಕ್ಕರನ ಕಥೆ, ಸುರೇಬಾನದ ಕಥೆ. ಅವನು ನಡುವೆ ಬಾಯಿ ಹಾಕಲಿಲ್ಲ, ಅದೇ ಒಂದು ಆಶ್ಚರ್ಯ. ಎಲ್ಲ ಕೇಳಿದ ಮೇಲೆ ಹೇಳಿದ:

"ಅಂದ್ರ ಅವನ ಸಿಟ್ಟು ಖರೇ ಐತಿ."

"ಖರೇ ಐತಿ. ಆದ್ರ ಮುಳುಗಿದ ಹಡಗಿನ್ಯಾಗೂ ಯಾರರೆ ಅಪ್ಪ, ಯಾರರೆ ಮಾಮಾ ಇದ್ದಿರಬೇಕಲ್ಲ."

"ಹಂಗಂತ ಪುಸ್ತಕದಾಗ ಬರದ್ರ ನಮಗೇನು ತಿಳಿಯೂದಿಲ್ಲೇನು?" ಅಂದ. ಒಂದು ಕಲ್ಲು ಎತ್ತಿ ನೀರಿಗೆ ಒಗೆದ.